ಸ್ಪಷ್ಟನೆ: ಲ್ಯಾಕ್ರೋಸ್ ಗೋಲ್‌ಕೀಪರ್ ಬರಿತಲೆಯಲ್ಲಿ ಆಡುವುದಿಲ್ಲ

ಅಮೆರಿಕದ ಕಾಲೇಜು ಮಹಿಳಾ ಲ್ಯಾಕ್ರೋಸ್‌ನಲ್ಲಿ (ತುದಿಗೆ ಬಲೆಯಿರುವ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ಆಟ) ಹೆಲ್ಮೆಟ್ ಯಾರಿಗೂ ಇಲ್ಲ, ಗೋಲ್‌ಕೀಪರ್ ಕೂಡ ರಕ್ಷಣಾ ಕನ್ನಡಕವನ್ನಷ್ಟೇ ನಂಬಿ ನಿಲ್ಲುತ್ತಾಳೆ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧಸತ್ಯ. ಉಳಿದ ಆಟಗಾರ್ತಿಯರಿಗೆ ಕಡ್ಡಾಯವಾಗಿರುವುದು ಆ ಕನ್ನಡಕ ಮತ್ತು ಮೌತ್‌ಗಾರ್ಡ್ ಎಂಬುದೇನೋ ನಿಜ. ಆದರೆ 6 ಅಡಿ ಅಗಲ, 6 ಅಡಿ ಎತ್ತರದ ಗೋಲಿನೆದುರು ನಿಂತು, ಸುಮಾರು 145 ಗ್ರಾಂ ತೂಕದ ಗಟ್ಟಿ ರಬ್ಬರ್ ಚೆಂಡಿಗೆ ಮೈಯೊಡ್ಡುವವಳು ಮುಖಜಾಲರಿಯುಳ್ಳ ಹೆಲ್ಮೆಟ್, ಕಂಠರಕ್ಷಕ, ಎದೆಕವಚ ಮುಂತಾದವುಗಳನ್ನು ತೊಡಲೇಬೇಕೆಂದು ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ನಿಯಮ ಹೇಳುತ್ತದೆ. ಆಕೆಯ ಕೋಲಿನ ಬಲೆಯೂ ಇತರರದಕ್ಕಿಂತ ಬಹಳ ಅಗಲ. ಚೆಂಡನ್ನು ಕೈಯಿಂದ ಎಲ್ಲಿ ಬೇಕಾದರೂ ತಡೆಯಬಹುದೆಂಬುದೂ ತಪ್ಪು. ಗೋಲಿನ ಸುತ್ತಲಿನ ವೃತ್ತ ದಾಟಿ ಹೊರಬಂದ ಕೂಡಲೇ ಆ ಸವಲತ್ತು ಇಲ್ಲವಾಗುತ್ತದೆ, ವೃತ್ತದೊಳಗೂ ಚೆಂಡನ್ನು 10 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.