ನಾನು ಬೈದಿದ್ದಕ್ಕೇ ಉದ್ಧಾರವಾದವರು

ಕ್ರಿಕೆಟ್ ಆಟಗಾರರು ದೊಡ್ಡವರಾದ ಮೇಲೆ ಯಾರ್ಯಾರಿಗೋ ಕೃತಜ್ಞತೆ ಸಲ್ಲಿಸುತ್ತಾರೆ. ಅಪ್ಪ, ಅಮ್ಮ, ಕೋಚು, ಫಿಸಿಯೊ, ಕೊನೆಗೆ ಬ್ಯಾಟಿನ ಮೇಲೆ ಸ್ಟಿಕರ್ ಅಂಟಿಸಿದ ಕಂಪನಿ. ಮೊದಲ ಪಂದ್ಯದಲ್ಲಿ ಸೊನ್ನೆ ಸುತ್ತಿ ಬಂದಾಗ ಸೋಫಾದ ಮೇಲಿಂದಲೇ "ಇವನ ಕೈಗೆ ಬ್ಯಾಟ್ ಕೊಟ್ಟೋರು ಯಾರ್ರೀ?" ಎಂದು ಗುಡುಗಿದ ನಮ್ಮ ಹೆಸರನ್ನು ಮಾತ್ರ ಒಬ್ಬನೂ ಎತ್ತುವುದಿಲ್ಲ. ಆಟಗಾರ ಸುಧಾರಿಸುವುದು ನೆಟ್ಸ್‌ನಲ್ಲಿ ಬೆವರು ಸುರಿಸುವುದರಿಂದ ಎಂಬ ಮೂಢನಂಬಿಕೆ ಇನ್ನೂ ಹೋಗಿಲ್ಲ. ಸುಧಾರಿಸುವುದು ನಮ್ಮ ಬೈಗುಳದಿಂದ. ದಾಖಲೆಗಳೇ ಸಾಕ್ಷಿ.

ನನ್ನ ಶಿಷ್ಯರಲ್ಲಿ ಮೊದಲನೆಯವನು ಶ್ರೀಲಂಕಾದ ಮರ್ವನ್ ಅಟಪಟ್ಟು. 1990ರ ನವೆಂಬರ್‌ನಲ್ಲಿ ಚಂಡೀಗಡದಲ್ಲಿ ಮೊದಲ ಟೆಸ್ಟ್: 0 ಮತ್ತು 0. ಆ ಪಂದ್ಯದಲ್ಲಿ ಭಾರತದ ವೆಂಕಟಪತಿ ರಾಜು 12 ರನ್ನಿಗೆ 6 ವಿಕೆಟ್ ಕಿತ್ತು ಇಡೀ ತಂಡವನ್ನೇ 82ಕ್ಕೆ ಮಡಚಿಟ್ಟಿದ್ದರು, ಹುಡುಗನೊಬ್ಬನದೇ ತಪ್ಪಲ್ಲ ಎಂದು ಯಾರಾದರೂ ವಕಾಲತ್ತು ವಹಿಸಬಹುದು. ನಮ್ಮ ಕಸುಬಿನಲ್ಲಿ ಸಂದರ್ಭ-ಗಿಂದರ್ಭ ನೋಡುವ ಪದ್ಧತಿ ಇಲ್ಲ. 1992ರಲ್ಲಿ ಕೊಲಂಬೊ: 0 ಮತ್ತು 1. 1994ರಲ್ಲಿ ಅಹಮದಾಬಾದ್: ಮತ್ತೆ 0 ಮತ್ತು 0. ಮೂರು ಟೆಸ್ಟ್, ಆರು ಇನಿಂಗ್ಸ್, ಒಟ್ಟು ಮೊತ್ತ ಒಂದು. ಬ್ಯಾಂಕಿಗೆ ಇಷ್ಟು ಸಲ ಹೋಗಿ ಖಾತೆ ತೆರೆಯದೆ ವಾಪಸ್ ಬಂದರೆ ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನೂ ಅನುಮಾನದಿಂದ ನೋಡುತ್ತಾನೆ.

ಈ ಮೂರರಲ್ಲಿ ಕೊಲಂಬೊ ಪಂದ್ಯವನ್ನು ನಾನು ಆಗಾಗ ನೆನೆಸಿಕೊಂಡು ಪುಳಕಗೊಳ್ಳುತ್ತೇನೆ. ನಮ್ಮಂಥವರಿಗೆ ಅದು ಪುಣ್ಯಕ್ಷೇತ್ರ. ಎದುರಾಳಿ ಆಸ್ಟ್ರೇಲಿಯಾ. ಶ್ರೀಲಂಕಾ ಮೊದಲ ಇನಿಂಗ್ಸ್‌ನಲ್ಲಿ 8 ವಿಕೆಟ್‌ಗೆ 547 ಹೊಡೆದು ಡಿಕ್ಲೇರ್ ಮಾಡಿಕೊಂಡಿತು. ಗುರುಸಿಂಹ ಶತಕ, ರಣತುಂಗ ಶತಕ, ಮೊದಲ ಟೆಸ್ಟ್ ಆಡುತ್ತಿದ್ದ ಕಲುವಿತರಣ ಕೂಡ ಶತಕ. ಊರೆಲ್ಲ ನೆಂಟರಿಗೆ ಬಡಿಸಿದ ಆ ಪಂಕ್ತಿಯಲ್ಲಿ ಅಟಪಟ್ಟು ಎಲೆಗೆ ಬಿದ್ದಿದ್ದು ಸೊನ್ನೆ. ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ, ಎದುರು ಪಾಳಯದಲ್ಲಿ ಬೆಣ್ಣೆಬಣ್ಣದ ಕೂದಲಿನ ಒಬ್ಬ ದಪ್ಪ ಹುಡುಗ ಲೆಗ್‌ಸ್ಪಿನ್ ಹಾಕುತ್ತಿದ್ದ. 107 ರನ್ ಕೊಟ್ಟ, ವಿಕೆಟ್ ಇಲ್ಲ. ಅದಕ್ಕೆ ಮುಂಚೆ ಸಿಡ್ನಿಯಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿ 150 ರನ್ನಿಗೆ ಒಂದು ವಿಕೆಟ್ ಪಡೆದಿದ್ದ. ಆ ಒಂದೂ ರವಿ ಶಾಸ್ತ್ರಿ 206 ಹೊಡೆದು ಸುಸ್ತಾದ ಮೇಲೆ. ಅಡಿಲೇಡ್‌ನಲ್ಲಿ 78 ರನ್ನಿಗೆ ಏನೂ ಇಲ್ಲ. ಕೂಡಿಸಿ ನೋಡಿ: 335 ರನ್, ಒಂದು ವಿಕೆಟ್. ಶೇನ್ ವಾರ್ನ್ ಎಂದು ಹೆಸರು.

ಒಂದೇ ಮೈದಾನದಲ್ಲಿ ಒಂದು ರನ್ ಮಾಡಲಾಗದ ಬ್ಯಾಟ್ಸ್‌ಮನ್ ಮತ್ತು ಒಂದು ವಿಕೆಟ್‌ಗೆ 335 ರನ್ ಸುರಿಯುವ ಬೌಲರ್! ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದರೆ ಚೆಂಡೇ ನಾಚಿಕೊಂಡು ಬೌಂಡರಿ ಗೆರೆಯಾಚೆ ಹೋಗಿಬಿಡುತ್ತಿತ್ತು. ಆಗ ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಎಷ್ಟು ಮೀಮ್ ವ್ಯರ್ಥವಾದವು.

ಆದದ್ದೇನು? ಕೊನೆಯ ದಿನ ಶ್ರೀಲಂಕಾಕ್ಕೆ 181 ಬೇಕಿತ್ತು. ಎರಡೇ ವಿಕೆಟ್ ಕಳೆದುಕೊಂಡು 127ಕ್ಕೆ ಬಂದಿತ್ತು. ಆಮೇಲೆ ಕುಸಿತ ಶುರು. ನಾಯಕ ಅಲನ್ ಬಾರ್ಡರ್ ಚೆಂಡನ್ನು ತೆಗೆದು ಆ ದಪ್ಪ ಹುಡುಗನ ಕೈಗಿಟ್ಟ. ಟಿವಿ ಮುಂದೆ ಕೂತವನು ಯಾರೇ ಆಗಿದ್ದರೂ ರಿಮೋಟ್ ಎಸೆದಿರುತ್ತಿದ್ದ. ವಾರ್ನ್ ಕೊನೆಯ ಮೂರು ವಿಕೆಟ್‌ಗಳನ್ನು ಒಂದೂ ರನ್ ಕೊಡದೆ ಕಿತ್ತ, ಶ್ರೀಲಂಕಾ 164ಕ್ಕೆ ಮುಗಿಯಿತು, ಆಸ್ಟ್ರೇಲಿಯಾ 16 ರನ್ನಿಂದ ಗೆದ್ದಿತು. ವಾರ್ನ್ ಲೆಕ್ಕ ನಿಂತಿದ್ದು 708 ವಿಕೆಟ್‌ಗೆ. ಅಟಪಟ್ಟು 90 ಟೆಸ್ಟ್‌ಗಳಲ್ಲಿ 5502 ರನ್, 16 ಶತಕ ಹೊಡೆದ, ಅದರಲ್ಲಿ ಆರು ದ್ವಿಶತಕ. ಮೊದಲ ಶತಕ ಬಂದಿದ್ದು 1997ರಲ್ಲಿ ಮೊಹಾಲಿಯಲ್ಲಿ, ಅದೇ ಭಾರತದ ವಿರುದ್ಧ, ಮೊದಲ ಸೊನ್ನೆ ಬಿದ್ದ ಚಂಡೀಗಡದ ಮಗ್ಗುಲಲ್ಲೇ. ಅಷ್ಟು ಹತ್ತಿರದ ದಾರಿ ಸವೆಸಲು ಏಳು ವರ್ಷ ತೆಗೆದುಕೊಂಡ. ನಾವು ಇನ್ನೂ ಜೋರಾಗಿ ಬೈದಿದ್ದರೆ ಬೇಗ ತಲುಪುತ್ತಿದ್ದನೇನೋ.

ಇದೇನು ಇತ್ತೀಚಿನ ಕಲೆಯಲ್ಲ. 1928ರಲ್ಲಿ ಬ್ರಿಸ್ಬೇನ್‌ನಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ 18 ಮತ್ತು 1 ಹೊಡೆದ. ಆಸ್ಟ್ರೇಲಿಯಾ 675 ರನ್ನಿಂದ ಸೋತಿತು. ಆಯ್ಕೆಗಾರರು ಮುಂದಿನ ಟೆಸ್ಟ್‌ಗೆ ಹುಡುಗನನ್ನು ಹನ್ನೆರಡನೆಯವನನ್ನಾಗಿ ಮಾಡಿದರು. ಪಾನ್ಸ್‌ಫರ್ಡ್ ಕೈಮೂಳೆ ಮುರಿದುಕೊಂಡಿದ್ದರಿಂದ ಬದಲಿಯಾಗಿ ಮೈದಾನಕ್ಕಿಳಿದು, ಇಂಗ್ಲೆಂಡ್ 636 ಹೊಡೆಯುವಷ್ಟು ಹೊತ್ತು ಚೆಂಡು ಹೆಕ್ಕುವ ಭಾಗ್ಯ ಸಿಕ್ಕಿತು. ಮರುಪಂದ್ಯದಲ್ಲಿ 79 ಮತ್ತು 112. ಕೊನೆಗೆ ಸರಾಸರಿ 99.94. ಬ್ರಾಡ್‌ಮನ್‌ಗೆ ಎಷ್ಟೆಲ್ಲ ಗೌರವ ಸಂದಿತು! ಅವನನ್ನು ಕೈಬಿಟ್ಟ ಆಯ್ಕೆಗಾರರಿಗೆ ಒಂದು ಹಾರ? ಅವರು ನಮ್ಮ ಕುಲದ ಮೂಲಪುರುಷರು.

ಇಂಗ್ಲೆಂಡ್‌ನ ಗ್ರಹಾಂ ಗೂಚ್ 1975ರಲ್ಲಿ ಮೊದಲ ಟೆಸ್ಟ್‌ನ ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆ. 1990ರಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ಮೇಲೇ 333, ಸಾಲದೆಂದು ಎರಡನೇ ಇನಿಂಗ್ಸ್‌ನಲ್ಲಿ 123. (ಈ ಒಂದು ಪ್ರಕರಣದಲ್ಲಿ ನಮ್ಮ ಕುಲ ಅವನನ್ನು ಸುಮ್ಮನೆ ಬಿಡಬೇಕಿತ್ತು.) ಸ್ಟೀವ್ ವಾ ಮೊದಲ ಶತಕಕ್ಕೆ 27ನೇ ಟೆಸ್ಟ್‌ವರೆಗೆ ಕಾಯಿಸಿದ. ತೆಂಡೂಲ್ಕರ್ ಮೊದಲೆರಡು ಏಕದಿನ ಪಂದ್ಯಗಳಲ್ಲಿ ಸೊನ್ನೆ, ಮೊದಲ ಶತಕ 79ನೇ ಪಂದ್ಯದಲ್ಲಿ. ಧೋನಿ ಮೊದಲ ಪಂದ್ಯದಲ್ಲಿ ಸೊನ್ನೆಗೆ ರನ್‌ಔಟ್. ಕುಂಬ್ಳೆಯ ಚೆಂಡು ತಿರುಗುವುದೇ ಇಲ್ಲ ಎಂದು ಅಂಗೈಯಲ್ಲಿ ಮಣಿಕಟ್ಟು ತಿರುಗಿಸಿ ತೋರಿಸಿದವರು ನಾವೇ, 619 ವಿಕೆಟ್ ಬಿದ್ದ ಮೇಲೂ ತೋರಿಸುತ್ತಲೇ ಇದ್ದೆವು. ದ್ರಾವಿಡ್ ಒನ್‌ಡೇಗೆ ಆಗಿಬರುವುದಿಲ್ಲ ಎಂದು ಷರಾ ಬರೆದವರೂ ನಾವೇ. 1999ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 461 ರನ್ ಹೊಡೆದ. ನೋಡಿದಿರಾ ಮದ್ದು ಹೇಗೆ ಕೆಲಸ ಮಾಡಿತು?

ತಂಡಗಳ ವಿಷಯಕ್ಕೆ ಬಂದರೆ ನ್ಯೂಜಿಲೆಂಡ್‌ನವರು ಲೆಕ್ಕದಲ್ಲಿ ಶಿಸ್ತಿನ ಜನ. 1930ರಲ್ಲಿ ಟೆಸ್ಟ್ ಶುರು ಮಾಡಿ 1956ರಲ್ಲಿ ಮೊದಲ ಗೆಲುವು ಕಂಡರು: 26 ವರ್ಷ. ಅದಕ್ಕೊಂದು ವರ್ಷ ಮುಂಚೆ ಆಕ್ಲೆಂಡ್‌ನಲ್ಲಿ 26ಕ್ಕೇ ಆಲೌಟ್ ಆಗಿ ವರ್ಷಕ್ಕೊಂದು ರನ್ನಿನಂತೆ ತಾಳೆ ಹಾಕಿಟ್ಟಿದ್ದರು. 2021ರಲ್ಲಿ ಮೊದಲ ಟೆಸ್ಟ್ ವಿಶ್ವ ಚಾಂಪಿಯನ್‌ಗಳಾದರು, ಅದೂ ನಮ್ಮನ್ನು ಸೋಲಿಸಿ.

ನಮ್ಮ ತಂಡದ ವಿಷಯದಲ್ಲಿ ಮಾತ್ರ ನನ್ನ ಸಿದ್ಧಾಂತಕ್ಕೆ ಒಂದು ಸಣ್ಣ ತೊಡಕಿದೆ, ಮುಚ್ಚಿಡುವುದಿಲ್ಲ. 1975 ಮತ್ತು 1979ರ ವಿಶ್ವಕಪ್ ಎರಡೂ ಸೇರಿ ಭಾರತ ಗೆದ್ದಿದ್ದು ಒಂದೇ ಪಂದ್ಯ, ಪೂರ್ವ ಆಫ್ರಿಕಾ ವಿರುದ್ಧ. 1983ರಲ್ಲಿ ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್. ಬೈಯಲು ಇದಕ್ಕಿಂತ ಹದವಾದ ಮುಹೂರ್ತ ಬೇಕೆ? ಆದರೆ ಆ ಪಂದ್ಯವನ್ನು ಟಿವಿಯವರು ಚಿತ್ರೀಕರಿಸಲೇ ಇಲ್ಲ. ನಾವು ಯಾರೂ ನೋಡುತ್ತಿರಲಿಲ್ಲ. ಕಪಿಲ್ ದೇವ್ ಒಬ್ಬನೇ ನಿಂತು ಔಟಾಗದೆ 175 ಹೊಡೆದುಬಿಟ್ಟ. ಬೈಗುಳದ ಸಹಾಯವಿಲ್ಲದೆ ಅಷ್ಟು ರನ್ ಹೇಗೆ ಬಂತು ಎಂಬುದನ್ನು ಸಂಶೋಧಕರು ಪರಿಶೀಲಿಸಬೇಕು.

ಮೊನ್ನೆ ಅಣ್ಣನ ಮಗ ಒಂದು ತಲೆಹರಟೆ ಪ್ರಶ್ನೆ ಕೇಳಿದ. "ಚಿಕ್ಕಪ್ಪ, ಒಂದೋ ಎರಡೋ ಟೆಸ್ಟ್ ಆಡಿ ವಾಪಸ್ ಬರದೇ ಇದ್ದೋರು ಎಷ್ಟೊಂದು ಜನ ಇದ್ದಾರಲ್ಲ, ಅವರಿಗೂ ನೀವು ಬೈದಿದ್ರಾ?"

"ಬೈದಿದ್ದೆ. ಭೇದಭಾವ ಮಾಡೋನಲ್ಲ ನಾನು."

"ಮತ್ತೆ ಅವರ್ಯಾಕೆ ಉದ್ಧಾರ ಆಗ್ಲಿಲ್ಲ?"

"ಅದು ಅವರ ಹಣೆಬರಹ."

ಉದ್ಧಾರವಾದರೆ ನನ್ನ ಬೈಗುಳ, ಆಗದಿದ್ದರೆ ಅವರ ಹಣೆಬರಹ. ಇಷ್ಟು ಸರಳ ವಿಷಯ ಈಗಿನ ಹುಡುಗರಿಗೆ ಅರ್ಥವಾಗುವುದಿಲ್ಲ. ಆರು ಇನಿಂಗ್ಸ್‌ನಲ್ಲಿ ಒಂದು ರನ್ ಮಾಡಿದವನನ್ನು ಮೂರು ವರ್ಷದ ನಂತರ ಮತ್ತೆ ಕರೆದರಲ್ಲ, ಅಂಥ ಇನ್ನೊಂದು ಕರೆ ಎಷ್ಟು ಜನರಿಗೆ ಬರಲೇ ಇಲ್ಲ ಎಂದೂ ಅವನು ಕೇಳಿದ. ಫೋನ್ ಬಂದವನಂತೆ ಎದ್ದು ಹೋದೆ.

ಈ ಕಸುಬಿನಲ್ಲಿ ಕಷ್ಟವಿರುವುದು ಬೈಯುವುದರಲ್ಲಲ್ಲ, ಅಳಿಸುವುದರಲ್ಲಿ. 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಭಾರತ 36ಕ್ಕೆ ಆಲೌಟ್ ಆದಾಗ ಇಡೀ ತಂಡವನ್ನು ಹಡಗು ಹತ್ತಿಸಿ ವಾಪಸ್ ಕಳಿಸಿ ಎಂದು ಬರೆದಿದ್ದೆ. ನೂರಾರು ಲೈಕು. 2021ರ ಜನವರಿ 19ರಂದು, ಒಂದು ದಿನ ಹೆಚ್ಚಿಲ್ಲ ಕಡಿಮೆಯಿಲ್ಲ, ಆಸ್ಟ್ರೇಲಿಯಾ 1988ರಿಂದ ಸೋತೇ ಇರದ ಗಾಬಾ ಮೈದಾನದಲ್ಲಿ ಅದೇ ತಂಡ 328 ಬೆನ್ನಟ್ಟಿ ಸರಣಿ ಗೆದ್ದಿತು. ಪಂತ್ ಗೆಲುವಿನ ಬೌಂಡರಿ ಹೊಡೆದ ಚೆಂಡು ಗೆರೆ ಮುಟ್ಟುವ ಮೊದಲೇ ನಾನು ಹಳೆಯದನ್ನು ಅಳಿಸಿ, ಗೆದ್ದೆತ್ತಿನ ಬಾಲ ಭದ್ರವಾಗಿ ಹಿಡಿದು, "ಈ ಹುಡುಗರ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇತ್ತು" ಎಂದು ಹಾಕಿದೆ. ದರಿದ್ರದವನೊಬ್ಬ ಹಳೆಯದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ.

ಅಂದಿನಿಂದ ಜಾಗ್ರತೆ ಕಲಿತಿದ್ದೇನೆ. ಫೋನಿನಲ್ಲಿ ಎರಡು ಡ್ರಾಫ್ಟ್ ಸದಾ ಸಿದ್ಧ. ಈಗ ಟಿವಿಯಲ್ಲಿ ಹೊಸ ಹುಡುಗನೊಬ್ಬ ಮೊದಲ ಪಂದ್ಯಕ್ಕೆ ಇಳಿಯುತ್ತಿದ್ದಾನೆ. ಹೆಲ್ಮೆಟ್ ಪಟ್ಟಿ ಸರಿಮಾಡಿಕೊಂಡ, ಕ್ರೀಸಿನ ಮೇಲೆ ಬ್ಯಾಟಿನ ತುದಿಯಿಂದ ಗೆರೆ ಕೊರೆದ, ಅಂಪೈರ್‌ನಿಂದ ಮಿಡ್ಲ್ ಸ್ಟಂಪ್ ಗಾರ್ಡ್ ಕೇಳಿದ. ಗಾರ್ಡ್ ಕೇಳಿದ ರೀತಿಯಲ್ಲೇ ಗೊತ್ತಾಯಿತು, ಇವನದು ಮುಗಿಯಿತು. ಮೊದಲನೆಯದಕ್ಕೆ ಅವನ ಹೆಸರು ಸೇರಿಸಿ ಕಳಿಸಿಬಿಟ್ಟೆ. ಎರಡನೆಯದರಲ್ಲಿ ಹೆಸರು ತುಂಬಿದ್ದೇನೆ, ಇಸವಿ ಮಾತ್ರ ಖಾಲಿ ಬಿಟ್ಟಿದ್ದೇನೆ. ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ.