ಅಪ್ಪನ ಕೆರೆ ಏರಿ ಮೇಲೆ ಎಸ್-400

ಕಲಬುರಗಿಯ ರಕ್ಷಣಾ ನೀತಿ ತಯಾರಾಗುವುದು ಜಗತ್ ವೃತ್ತದ ಆಸುಪಾಸಿನ ಛಾ ಅಂಗಡಿಗಳಲ್ಲಿ. ಮುಂಜಾನೆ ಏಳಕ್ಕೆ ಸಭೆ. ಸುಶೀಲಾ-ಮಿರ್ಚಿ ಬರುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ. ಈ ವಾರದ ಠರಾವು: ಊರಿನ ಅಪ್ಪನ ಕೆರೆ ಏರಿ ಮೇಲೆ ಒಂದು ಎಸ್-400, ಅಂದರೆ ಹಾರಿ ಬರುವ ವಿಮಾನ, ಕ್ಷಿಪಣಿಗಳನ್ನು ಹೊಡೆದುರುಳಿಸುವ ಕ್ಷಿಪಣಿ ವ್ಯವಸ್ಥೆ, ನಿಲ್ಲಿಸತಕ್ಕದ್ದು.

"ನಾನೂರು ಕಿಲೋಮೀಟರ್ ಅದರೀ ರೇಂಜು. ಒಂದು ಗುಬ್ಬಿ ಸುದ್ದಾ ಒಳಗ ಬರಂಗಿಲ್ಲ."

ಹಿರಿಯರು ಪಾಸು ಮಾಡಿದ ಠರಾವು, ನಗಬಾರದು. ನಕಾಶೆ ಬಿಚ್ಚಿ ಕೈವಾರ ಇಡೋಣ. ಕಲಬುರಗಿಯಿಂದ 400 ಕಿ.ಮೀ. ಸುತ್ತು ಹಾಕಿದರೆ ಹೈದರಾಬಾದ್ ಒಳಗೆ ಬರುತ್ತದೆ, ಪುಣೆಯೂ ಬರುತ್ತದೆ. ಪಾಕಿಸ್ತಾನದ ಗಡಿ ಮಾತ್ರ 900 ಕಿ.ಮೀ.ಗೂ ಆಚೆ. ಅಂದರೆ ವೈರಿ ಗುಜರಾತ್ ದಾಟಿ, ಅರ್ಧ ಮಹಾರಾಷ್ಟ್ರ ನೋಡಿಕೊಂಡು, ಪುಣೆ ಹತ್ತಿರ ಬರುವ ತನಕ ನಾವು ಇಲ್ಲಿ ಇನ್ನೊಂದು ಕಟ್ ಛಾ ಹೇಳಿ ಕಾಯಬೇಕು.

ಅದೂ ಅವನು ಎತ್ತರದಲ್ಲಿ ಹಾರಿ ಬಂದರೆ ಮಾತ್ರ. ರೇಡಾರಿನ ಕಿರಣ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ, ಭೂಮಿ ಗುಂಡಗಿದೆ. ಈ ಎರಡನೇ ಸಂಗತಿ ಸಭೆಯ ಗಮನಕ್ಕೆ ಇನ್ನೂ ಬಂದಿಲ್ಲ. ಲೆಕ್ಕ ಹೈಸ್ಕೂಲಿನದು: ರೇಡಾರಿನ ಎತ್ತರ ಮತ್ತು ಗುರಿಯ ಎತ್ತರವನ್ನು ಮೀಟರಿನಲ್ಲಿ ತಗೊಂಡು, ಎರಡರ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ದೂರದ ತನಕ ಕಂಡೀತು ಅನ್ನುವುದು ಸಿಗುತ್ತದೆ. ರೇಡಾರನ್ನು 25 ಮೀಟರ್ ಕಂಬದ ಮೇಲೆ ಏರಿಸಿದಿರಿ ಅನ್ನಿ. ವಿಮಾನ 10,000 ಮೀಟರ್ ಎತ್ತರದಲ್ಲಿದ್ದರೆ 430 ಕಿ.ಮೀ. ದೂರಕ್ಕೇ ಕಾಣುತ್ತದೆ, ಸಭೆಗೆ ಜಯವಾಗಲಿ. ಅದೇ ಒಂದು ಕ್ರೂಸ್ ಕ್ಷಿಪಣಿ 50 ಮೀಟರ್ ಎತ್ತರದಲ್ಲಿ ನೆಲ ಸವರಿಕೊಂಡು ಸೊಲ್ಲಾಪುರದ ಕಡೆಯಿಂದ ಬಂದರೆ? ಬರೀ 50 ಕಿ.ಮೀ. ಆಳಂದ ಇನ್ನು ಹತ್ತು ಕಿಲೋಮೀಟರ್ ಅನ್ನುವಾಗ ಕಾಣುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಅಲ್ಲಿಂದ ಕೆರೆ ಏರಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಬಸಿಯಲ್ಲಿ ಸುರಿದ ಛಾ ಕೂಡ ಅಷ್ಟರಲ್ಲಿ ಪೂರ್ತಿ ಆರಿರುವುದಿಲ್ಲ.

ಇನ್ನೊಂದು ಮಾತು. 400 ಅನ್ನುವುದು 40ಎನ್6 ಎಂಬ ಒಂದೇ ಜಾತಿಯ ಕ್ಷಿಪಣಿಯ ರೇಂಜು. ಅದೇ ವ್ಯವಸ್ಥೆಯಲ್ಲಿ 250 ಕಿ.ಮೀ. ಹೋಗುವವೂ ಇವೆ, 120 ಹೋಗುವವೂ ಇವೆ. ಲಾಂಚರ್ ಲಾರಿ ಬೇರೆ, ರೇಡಾರ್ ಲಾರಿಗಳು ಬೇರೆ, ಹುಕುಂ ಕೊಡುವ ಗಾಡಿ ಬೇರೆ. ಇವನ್ನೆಲ್ಲ ಏರಿ ಮೇಲೆ ಸಾಲಾಗಿ ನಿಲ್ಲಿಸಿದರೆ ಮುಂಜಾನೆ ವಾಕಿಂಗ್ ಬಂದವರು ಎಲ್ಲಿ ತಿರುಗಾಡಬೇಕು ಅನ್ನುವುದನ್ನು ಠರಾವಿನಲ್ಲಿ ಬರೆದಿಲ್ಲ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಡ್ರೋನುಗಳು ಹಿಂಡುಗಟ್ಟಿ ಬಂದಾಗ ದುಡಿದವುಗಳಲ್ಲಿ ವಿಮಾನ ಹೊಡೆಯುವ ಹಳೆಯ ಎಲ್-70 ತೋಪೂ ಒಂದು. 40 ಮಿ.ಮೀ. ಬಾಯಿ, ನಿಮಿಷಕ್ಕೆ 300 ಗುಂಡು, ಪರಿಣಾಮ ಮೂರ್ನಾಲ್ಕು ಕಿಲೋಮೀಟರ್. 1960ರ ದಶಕದಿಂದ ನಮ್ಮ ಸೇನೆಯಲ್ಲಿದೆ. ಈಚೆಗೆ ಅದಕ್ಕೆ ಹೊಸ ಕಣ್ಣು, ಹೊಸ ಮೋಟಾರು ಕೂಡಿಸಿದ್ದಾರೆ. ಅಗ್ಗದ ಡ್ರೋನಿಗೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸುತ್ತ ಹೋದರೆ ಮೊದಲು ಖಾಲಿಯಾಗುವುದು ನಮ್ಮ ಉಗ್ರಾಣ. ಆದರೆ ಎಲ್-70 ಹೆಸರೆತ್ತಿದರೆ ಸಭೆಯಲ್ಲಿ ಯಾರೂ ಮಿರ್ಚಿ ಕೆಳಗಿಡುವುದಿಲ್ಲ. ಟೀವಿಯವರೂ ಅಷ್ಟೇ: ಆ ದಿನಗಳ ಒಂದು ರಾತ್ರಿ ಅವರು ಕರಾಚಿ ಬಂದರನ್ನೇ ಮುಳುಗಿಸುವುದರಲ್ಲಿದ್ದರು. ವಾಟ್ಸಾಪಿನಲ್ಲಿ ಓಡಾಡಿದ ಕೆಲವು ಸ್ಫೋಟಗಳಂತೂ ವಿಡಿಯೋ ಗೇಮಿನವು.

ಬೀದರಿನ ತಜ್ಞರದು ಬೇರೆ ಕಾಯಿಲೆ. ಅಲ್ಲಿ ವಾಯುಪಡೆಯ ತರಬೇತಿ ನಡೆಯುವುದು ಹಾಕ್ ವಿಮಾನದಲ್ಲಿ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲೇ. ಆದರೆ ತಲೆ ಮೇಲೆ ಸದ್ದಾದರೆ ಸಾಕು, "ಬಂತ್ ನೋಡ್ರೀ ರಫೇಲ್!" ರಫೇಲಿಗೆ ಎರಡು ಇಂಜಿನ್, ತ್ರಿಕೋನದ ದೊಡ್ಡ ರೆಕ್ಕೆ, ಅದರ ಮುಂದೆ ಮೂತಿ ಕಡೆ ಎರಡು ಪುಟ್ಟ ರೆಕ್ಕೆ. ಹಾಕ್‌ಗೆ ಒಂದೇ ಇಂಜಿನ್, ಹಿಂದೆ ಬಾಲದಲ್ಲಿ ಅಡ್ಡರೆಕ್ಕೆ, ಕಲಿಸುವವರ ಸೀಟು ಕಲಿಯುವವರಿಗಿಂತ ತುಸು ಮೇಲೆ. ಇಷ್ಟು ಹೇಳಿದರೆ ಬರುವ ಉತ್ತರ: "ಅದು ಸೀಕ್ರೆಟ್ ಮಾಡೆಲ್ ಅದ ಸರ್, ನಿಮಗ ಗೊತ್ತಿಲ್ಲ."

ಯುವ ವಿಭಾಗಕ್ಕೆ ಡ್ರೋನ್ ಹುಚ್ಚು. ತೊಗರಿಗೆ ಎಣ್ಣಿ ಹೊಡೆಯುವ ಡ್ರೋನುಗಳನ್ನೇ ಸಾವಿರ ಕೂಡಿಸಿ ಗಡಿಗೆ ಕಳಿಸಬೇಕಂತೆ. ಹತ್ತು ಲೀಟರ್ ತುಂಬಿದ ಡ್ರೋನಿನ ಬ್ಯಾಟರಿ ತಡೆಯುವುದು ಹತ್ತು-ಹನ್ನೆರಡು ನಿಮಿಷ. ಸೆಕೆಂಡಿಗೆ ಐದು ಮೀಟರಿನಂತೆ ಹೋದರೆ ಮೂರೂವರೆ ಕಿಲೋಮೀಟರ್. ದಂಡಯಾತ್ರೆ ರಿಂಗ್ ರೋಡಿನ ಆಸುಪಾಸಿನಲ್ಲೇ ಮುಗಿಯಿತು. ಏಪ್ರಿಲ್ ಆದರೆ ಇನ್ನೂ ಕಷ್ಟ: 43 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ, 15 ಡಿಗ್ರಿಯಲ್ಲಿದ್ದುದಕ್ಕಿಂತ ಸಾಂದ್ರತೆ ಶೇ. 9ರಷ್ಟು ಇಳಿದಿರುತ್ತದೆ. ಅದೇ ಭಾರ ಎತ್ತಲು ಫ್ಯಾನು ಜೋರಾಗಿ ತಿರುಗಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಬಿಸಿಯಾದ ಬ್ಯಾಟರಿಯನ್ನು ಆರಿಸದೆ ಚಾರ್ಜಿಗೆ ಹಾಕಿದರೆ ಉಬ್ಬುತ್ತದೆ, ಒಮ್ಮೊಮ್ಮೆ ಹೊತ್ತಿಕೊಳ್ಳುತ್ತದೆ. ಸಾವಿರ ಬ್ಯಾಟರಿ ಆರಿಸಲು ನೆರಳು ಎಲ್ಲಿದೆ ಅಂತ ಕೇಳಿದರೆ ನೀವು ದೇಶದ್ರೋಹಿ.

ಕಲಬುರಗಿ ಕೋಟೆಯ ಬಾರಾ ಗಜ್ ತೋಪಿನ ವಿಷಯ ಪ್ರತಿ ಸಭೆಯಲ್ಲೂ ಬರುತ್ತದೆ. ಸುಮಾರು 29 ಅಡಿ ಉದ್ದ, ಜಗತ್ತಿನಲ್ಲೇ ಉದ್ದ ಅನ್ನುವ ಹೆಮ್ಮೆ. ಅದರ ರೇಂಜು ಮಾತ್ರ ಹೇಳುವವರ ವಯಸ್ಸಿನ ಮೇಲೆ ಹೋಗುತ್ತದೆ. ಮದ್ದು ಎಲ್ಲಿಡಬೇಕು ಅನ್ನುವ ಚರ್ಚೆ ಬರುವುದೇ ಇಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾದ ಒಂದು ಪಾರ್ಶ್ವ ಹಾರಿಹೋಗಿದ್ದು ಒಳಗೇ ಸಿಡಿದ ಮದ್ದಿನಿಂದ. ಆದರೆ ಉಗ್ರಾಣಕ್ಕೆ ರೇಂಜು ಇರುವುದಿಲ್ಲವಲ್ಲ, ಮಾತಾಡಿ ಏನು ಸುಖ.

ಮುಂದಿನ ವಾರದ ವಿಷಯ ಈಗಾಗಲೇ ನಿಕ್ಕಿಯಾಗಿದೆ: ಭೀಮಾ ನದಿಗೆ ಐಎನ್ಎಸ್ ವಿಕ್ರಾಂತ್. ಹಡಗಿನ ಉದ್ದ 262 ಮೀಟರ್, ತೇಲಲು ನೀರಿನ ಆಳ ಎಂಟು ಮೀಟರಿಗಿಂತ ಹೆಚ್ಚು ಬೇಕು. ಬೇಸಿಗೆಯಲ್ಲಿ ಸೊನ್ನ ಬ್ಯಾರೇಜಿನ ಕೆಳಗೆ ಮೊಣಕಾಲು ತೊಯ್ದರೆ ಹೆಚ್ಚು. ಹಾಗಾಗಿ ಮೊದಲು ಮಹಾರಾಷ್ಟ್ರದವರಿಗೆ ಹೇಳಿ ಉಜನಿ ಅಣೆಕಟ್ಟೆಯಿಂದ ನೀರು ಬಿಡಿಸಬೇಕು. ಆ ಕೆಲಸ ಯಾರು ಮಾಡತೀರಿ ಅಂದರೆ ಒಬ್ಬರಿಗೆ ಬಸ್ಸಿನ ಹೊತ್ತಾಗಿತ್ತು, ಇನ್ನೊಬ್ಬರಿಗೆ ಬೀಗರು ಬಂದಿದ್ದರು, ಛಾದ ರೊಕ್ಕ ಯಾರು ಕೊಡಬೇಕು ಅನ್ನುವುದೂ ಹಾಗೇ ಉಳಿಯಿತು.