ಸತ್ಯಾಂಶ: ಹಣ ಬಾರದಿದ್ದರೆ ಮಾಸಾಶನ ರದ್ದಾಯಿತೆಂದಲ್ಲ

‘ಮೂರು ತಿಂಗಳು ಹಣ ಬಾರದಿದ್ದರೆ ಅಂಗವಿಕಲರ ಮಾಸಾಶನ ರದ್ದಾದಂತೆ, ಕೂಡಲೇ ಹೊಸ ಅರ್ಜಿ ಹಾಕಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಹಣ ತಡವಾಗುವುದೇ ಬೇರೆ, ಮಂಜೂರಾತಿ ರದ್ದಾಗುವುದೇ ಬೇರೆ.

ಕರ್ನಾಟಕದಲ್ಲಿ ಈ ಹಣ ಆಧಾರ್ ಜೋಡಣೆಯ ಮೂಲಕ ಬ್ಯಾಂಕ್ ಖಾತೆಗೆ ಬರುತ್ತದೆ. ಎರಡು ಮೂರು ಖಾತೆಗಳಿರುವವರು ಗಮನಿಸಬೇಕಾದದ್ದು ಇಲ್ಲೇ: ಆಧಾರ್ ಆಧಾರಿತ ಪಾವತಿ ಸಾಮಾನ್ಯವಾಗಿ ಕೊನೆಯದಾಗಿ ಜೋಡಣೆಯಾದ ಖಾತೆಗೇ ಹೋಗುತ್ತದೆ. ಮರೆತುಹೋದ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಹಣ ಕುಳಿತಿರಬಹುದು! ಮೊದಲು ಬ್ಯಾಂಕಿಗೆ ಹೋಗಿ ಜೋಡಣೆ ಯಾವ ಖಾತೆಗಿದೆ ಎಂದು ಕೇಳಿ. ಆಧಾರ್‌ನಲ್ಲಿರುವ ಹೆಸರಿಗೂ ಮಂಜೂರಾತಿ ಆದೇಶದ ಹೆಸರಿಗೂ ವ್ಯತ್ಯಾಸವಿದೆಯೇ ಎಂಬುದನ್ನೂ ನೋಡಿ.

ಅಲ್ಲಿ ಎಲ್ಲವೂ ಸರಿಯಿದ್ದರೆ, ಆದೇಶದ ಪ್ರತಿಯೊಂದಿಗೆ ನಾಡಕಚೇರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ‘ಮುಂದಿನ ತಿಂಗಳು ಬನ್ನಿ’ ಯಾವ ದಾಖಲೆಯೂ ಅಲ್ಲ. ಗಾಲಿಕುರ್ಚಿಯಲ್ಲಿ ಬರುವವರನ್ನು ಹೀಗೆ ಅಲೆಸುವುದು ಅನ್ಯಾಯ. ಓಡಾಟ ಕಷ್ಟವಾದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಬಹುದು.

ಹೊಸದಾಗಿ ಅರ್ಜಿ ಹಾಕಿ ಕಾಯುತ್ತಿರುವವರು ಸಕಾಲ (ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಒದಗಿಸುವ ವ್ಯವಸ್ಥೆ) ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿಡಿ. ನಿಗದಿತ ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ 2011ರ ಸಕಾಲ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ.